ಒಬ್ಬ ಜನರಲ್ ಎರಡು ಸಲ ದೇಶ ಆಳಿದ್ದು ಹೇಗೆ?

ಪ್ರಶ್ನೆ: ಕೂನೂರಿಗೆ ಹೋಗಿದ್ದಾಗ, ವೆಲಿಂಗ್ಟನ್ನಿನ ಸೈನ್ಯದ ಕಾಲೇಜಿನಲ್ಲಿ ನೈಜೀರಿಯಾದ ಅಧ್ಯಕ್ಷರೊಬ್ಬರು ಓದಿದ್ದರು ಎಂದು ಗೈಡ್ ಹೇಳಿದ. ಮನೆಗೆ ಬಂದು ಹುಡುಕಿದಾಗ ಒಲುಸೆಗುನ್ ಒಬಸಾಂಜೊ ಎಂಬ ಹೆಸರು ಸಿಕ್ಕಿತು. ಸೈನ್ಯದ ಜನರಲ್ ಆಗಿ ದೇಶ ಆಳಿದರು, ತಾವೇ ಅಧಿಕಾರ ಬಿಟ್ಟರು, ಜೈಲಿಗೆ ಹೋದರು, ಆಮೇಲೆ ಚುನಾವಣೆ ಗೆದ್ದು ಮತ್ತೆ ಎಂಟು ವರ್ಷ ಆಳಿದರು ಅಂತಿದೆ. ಇದೆಲ್ಲ ಒಬ್ಬರದೇ ಬದುಕೇ? ಅವರನ್ನು ಪ್ರಜಾಪ್ರಭುತ್ವವಾದಿ ಅನ್ನಬೇಕೋ, ಮಫ್ತಿಯಲ್ಲಿದ್ದ ಜನರಲ್ ಅನ್ನಬೇಕೋ? ಬೇರೆ ಸೈನ್ಯಾಧಿಕಾರಿಗಳೂ ಹೀಗೆ ಮಾಡಿದ್ದಾರೆಯೇ?

ಉತ್ತರ: ಒಬ್ಬರದೇ ಬದುಕು, ಸಂಶಯ ಬೇಡ. ನೀವು ಕೊಟ್ಟ ಎರಡು ಹೆಸರಲ್ಲಿ ಒಂದನ್ನು ಮಾತ್ರ ಆರಿಸಲು ನನಗೆ ಆಗುವುದಿಲ್ಲ. ಕಾರಣ ಹೇಳುತ್ತೇನೆ. ಒಬಸಾಂಜೊ ಅವರಿಗೆ ಕುರ್ಚಿ ಬಿಟ್ಟು ಏಳುವುದು ಗೊತ್ತಿತ್ತು. ಆ ಕಾಲದ ಆಫ್ರಿಕಾದಲ್ಲಿ ಅದು ಸಣ್ಣ ಗುಣವಲ್ಲ. ಆದರೆ ತಾವು ಎದ್ದ ಮೇಲೆ ಯಾರು ಕೂರಬೇಕು ಅನ್ನುವುದನ್ನು ಜನರಿಗೇ ಬಿಟ್ಟುಕೊಡುವುದು ಅವರಿಗೆ ಯಾವತ್ತೂ ಸುಲಭವಾಗಲಿಲ್ಲ. ಅವರ ಸಾಧನೆ, ಅವರ ತಪ್ಪು ಎರಡೂ ಇಲ್ಲೇ ಇವೆ.

ವೆಲಿಂಗ್ಟನ್ ವಿಷಯ ಮೊದಲು ಮುಗಿಸುತ್ತೇನೆ. ಗೈಡ್ ಹೇಳಿದ್ದು ನಿಜ, ಆದರೆ ಲೆಕ್ಕ ಅರ್ಧ. ಒಬ್ಬರಲ್ಲ, ಇಬ್ಬರು. ಒಬಸಾಂಜೊ 1965ರಲ್ಲಿ ಅಲ್ಲಿನ ಡಿಫೆನ್ಸ್ ಸರ್ವಿಸಸ್ ಸ್ಟಾಫ್ ಕಾಲೇಜಿಗೆ ಬಂದರು. ಪುಣೆಯಲ್ಲಿ ಸೈನ್ಯದ ಎಂಜಿನಿಯರಿಂಗ್ ತರಬೇತಿಯನ್ನೂ ಪಡೆದರು. 1973ರಲ್ಲಿ ಮುಹಮ್ಮದು ಬುಹಾರಿ ಅದೇ ವೆಲಿಂಗ್ಟನ್ನಿಗೆ ಬಂದರು. ಅವರೂ ಸೈನ್ಯದ ಆಡಳಿತಗಾರರಾಗಿ, ಆಮೇಲೆ ಚುನಾಯಿತ ಅಧ್ಯಕ್ಷರಾದರು. ಇನ್ನೊಬ್ಬ ಜನರಲ್ ಇಬ್ರಾಹಿಂ ಬಾಬಂಗಿಡಾ 1963ರಲ್ಲಿ ಡೆಹ್ರಾಡೂನಿನಲ್ಲಿದ್ದರು. ಇದು ಆಕಸ್ಮಿಕವಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನೈಜೀರಿಯಾಕ್ಕೆ ತನ್ನದೇ ಅಧಿಕಾರಿಗಳು ಬೇಕಿದ್ದರು, ಎಲ್ಲರನ್ನೂ ಬ್ರಿಟನ್ನಿಗೇ ಕಳಿಸುವುದು ಬೇಡವಾಗಿತ್ತು. 1964ರಲ್ಲಿ ಕಡೂನಾದಲ್ಲಿ ಅವರ ಡಿಫೆನ್ಸ್ ಅಕಾಡೆಮಿ ಶುರುವಾದಾಗ ಮೊದಲ ಮುಖ್ಯಸ್ಥರಾಗಿ ಹೋದವರು ಭಾರತದ ಬ್ರಿಗೇಡಿಯರ್ ಎಂ.ಆರ್. ವರ್ಮಾ. ಗುಂಡ್ಲುಪೇಟೆ ದಾಟಿ ನೀಲಗಿರಿ ಹತ್ತುವ ನಮ್ಮವರಿಗೆ ವೆಲಿಂಗ್ಟನ್ ಅಂದರೆ ದಾರಿಯಲ್ಲಿ ಸಿಗುವ ಒಂದು ಕಂಟೋನ್ಮೆಂಟ್. ನೈಜೀರಿಯಾದ ರಾಜಕೀಯ ಓದುವವರಿಗೆ ಅದು ಆಗಾಗ ಎದುರಾಗುವ ಹೆಸರು.

ಒಬಸಾಂಜೊ ಹುಟ್ಟಿದ ದಿನವನ್ನು ಯಾರೂ ಬರೆದಿಟ್ಟಿರಲಿಲ್ಲ. ಕಾಗದಪತ್ರದಲ್ಲಿ 1937ರ ಮಾರ್ಚ್ 5 ಅಂತಿದೆ. ಯೊರುಬಾ ಜನಾಂಗದ ಬೇಸಾಯದ ಮನೆತನ. ಹತ್ತಿರದ ದೊಡ್ಡ ಊರು ಅಬೆಯೊಕುಟಾ. ಅಲ್ಲಿನ ಬ್ಯಾಪ್ಟಿಸ್ಟ್ ಬಾಯ್ಸ್ ಹೈಸ್ಕೂಲಿನಲ್ಲಿ ಓದಿದರು. ಮುಂದೆ ಕಾಲೇಜಿಗೆ ಹೋಗಲು ಕೈಯಲ್ಲಿ ದುಡ್ಡಿರಲಿಲ್ಲ. 1958ರಲ್ಲಿ ಸೈನ್ಯ ಸೇರಿದರು. ಅದೇ ಹೈಸ್ಕೂಲಿನಲ್ಲಿ ಓದಿದ ಇನ್ನೊಬ್ಬ ಹುಡುಗ ಎಂ.ಕೆ.ಒ. ಅಬಿಯೊಲಾ. ಈ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸೈನ್ಯದಲ್ಲಿ ಅವರು ಎಂಜಿನಿಯರ್. ಕಾಂಗೊದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದಾಗ ಅಲ್ಲಿನ ಬಂಡಾಯಗಾರರ ಕೈಗೆ ಸಿಕ್ಕು ಬದುಕಿ ಬಂದರು. 1966ರ ಜನವರಿಯಲ್ಲಿ ಭಾರತದಿಂದ ವಾಪಸಾದ ಹೊತ್ತಿಗೇ ನೈಜೀರಿಯಾದ ಮೊದಲ ಸೈನಿಕ ಕ್ರಾಂತಿ ನಡೆಯಿತು. ಅದರ ಮುಂದಾಳು ಮೇಜರ್ ನ್ಜೆಯೊಗು, ಒಬಸಾಂಜೊ ಅವರ ಆಪ್ತ ಗೆಳೆಯ. ಗೆಳೆಯನ ಸಂಚಿನಲ್ಲಿ ಇವರು ಇರಲಿಲ್ಲ. ಆ ಕ್ರಾಂತಿಯಲ್ಲಿ ಪ್ರಧಾನಿ ತಫಾವಾ ಬಲೇವಾ ಸತ್ತರು, ಉತ್ತರ ಪ್ರಾಂತ್ಯದ ನಾಯಕ ಅಹ್ಮದು ಬೆಲ್ಲೊ ಸತ್ತರು. ಆರೇ ತಿಂಗಳಲ್ಲಿ ಪ್ರತಿಕ್ರಾಂತಿ ಆಯಿತು. ಮರುವರ್ಷ ಪೂರ್ವ ಭಾಗ ಬಿಯಾಫ್ರಾ ಎಂಬ ಹೆಸರಿನಲ್ಲಿ ಬೇರೆಯಾಯಿತು. ಎರಡೂವರೆ ವರ್ಷ ಯುದ್ಧ ನಡೆಯಿತು. ಗುಂಡಿಗಿಂತ ಹಸಿವಿಗೆ ಬಲಿಯಾದವರೇ ಜಾಸ್ತಿ.

1969ರ ಮೇನಲ್ಲಿ ದಕ್ಷಿಣದ ಕಡೆಯಿಂದ ಹೋರಾಡುತ್ತಿದ್ದ ಥರ್ಡ್ ಮರೀನ್ ಕಮಾಂಡೊ ಡಿವಿಷನ್ ಒಬಸಾಂಜೊ ಅವರ ಕೈಗೆ ಬಂತು. ಅವರಿಗಿಂತ ಮೊದಲಿದ್ದ ಬೆಂಜಮಿನ್ ಅಡೆಕುನ್ಲೆ ಆರ್ಭಟದ ಮನುಷ್ಯ, ‘ಕಪ್ಪು ಚೇಳು’ ಅಂತಲೇ ಹೆಸರು. ಇವರು ಸದ್ದಿಲ್ಲದೆ ಕೆಲಸ ಮಾಡುವವರು. 1970ರ ಜನವರಿಯಲ್ಲಿ ಬಿಯಾಫ್ರಾದ ಪಡೆ ಇವರ ಡಿವಿಷನ್ನಿನ ಮುಂದೆಯೇ ಶರಣಾಯಿತು. ಬಿಯಾಫ್ರಾದ ನಾಯಕ ಒಜುಕ್ವು ಐವರಿ ಕೋಸ್ಟಿಗೆ ಹೋಗಿಬಿಟ್ಟಿದ್ದರು, ಶರಣಾಗತಿಯ ಕೆಲಸ ಅವರ ಕೆಳಗಿನ ಫಿಲಿಪ್ ಎಫಿಯಾಂಗ್ ಪಾಲಿಗೆ ಬಂತು. ಹೀಗೆ 32ನೇ ವಯಸ್ಸಿಗೆ ಒಬಸಾಂಜೊ ದೇಶಕ್ಕೆಲ್ಲ ಗೊತ್ತಾದ ಹೆಸರಾದರು.

ಈಗ 1976. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿಂದ ಶುರುವಾಗುತ್ತದೆ.

ಯುದ್ಧದ ಕಾಲದ ಆಡಳಿತಗಾರ ಯಾಕುಬು ಗೊವೊನ್ 1976ಕ್ಕೆ ಅಧಿಕಾರವನ್ನು ನಾಗರಿಕರಿಗೆ ಕೊಡುತ್ತೇನೆ ಎಂದಿದ್ದರು. 1974ರಲ್ಲಿ ಆ ಮಾತನ್ನು ಹಿಂದಕ್ಕೆ ಪಡೆದರು. ಮರುವರ್ಷ ಅವರು ಕಂಪಾಲಾದಲ್ಲಿ ಆಫ್ರಿಕನ್ ನಾಯಕರ ಸಭೆಯಲ್ಲಿದ್ದಾಗ ಸಹೋದ್ಯೋಗಿಗಳೇ ಇಳಿಸಿದರು. ಮುರ್ತಲಾ ಮೊಹಮ್ಮದ್ ಮುಖ್ಯಸ್ಥರಾದರು, ಒಬಸಾಂಜೊ ಎರಡನೆಯವರು. 1979ರ ಅಕ್ಟೋಬರ್ 1ಕ್ಕೆ ಅಧಿಕಾರ ಬಿಡುತ್ತೇವೆ ಎಂದು ಈ ಹೊಸ ಸರ್ಕಾರ ದಿನಾಂಕವನ್ನೇ ಸಾರಿತು.

1976ರ ಫೆಬ್ರವರಿ 13ರ ಬೆಳಿಗ್ಗೆ ಮುರ್ತಲಾ ಲಾಗೋಸಿನಲ್ಲಿ ಕಚೇರಿಗೆ ಹೊರಟಿದ್ದರು. ಬೆಂಗಾವಲು ಇರಲಿಲ್ಲ. ಕಾರು ಟ್ರಾಫಿಕ್‌ನಲ್ಲಿ ನಿಂತಿದ್ದಾಗ ಕರ್ನಲ್ ಡಿಮ್ಕಾನ ಗುಂಪಿನವರು ಗುಂಡು ಹಾರಿಸಿ ಕೊಂದರು. ಗುಂಡಿನ ತೂತುಗಳಿರುವ ಆ ಕಪ್ಪು ಮರ್ಸಿಡಿಸ್ ಕಾರು ಇವತ್ತಿಗೂ ಲಾಗೋಸಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಒಬಸಾಂಜೊ ಅವರನ್ನೂ ಕೊಲ್ಲುವ ಯೋಜನೆ ಇತ್ತು. ಆದರೆ ಅವರೇ ಎಂದುಕೊಂಡು ಬೇರೆ ಅಧಿಕಾರಿಯ ಮೇಲೆ ಗುಂಡು ಹಾರಿಸಿದರು. ಡಿಮ್ಕಾ ರೇಡಿಯೋ ಕೇಂದ್ರಕ್ಕೆ ನುಗ್ಗಿ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಕರ್ಫ್ಯೂ ಎಂದು ಸಾರಿದ. ಗಾಬರಿಯಲ್ಲಿ ಹಗಲು ರಾತ್ರಿಯನ್ನೇ ಅದಲುಬದಲು ಮಾಡಿದ್ದ! ಸಂಜೆಯೊಳಗೆ ಸಂಚು ಮುರಿದುಬಿತ್ತು.

ಉಳಿದ ಜನರಲ್‌ಗಳು ಸೇರಿ ಒಬಸಾಂಜೊ ಅವರನ್ನು ಮುಖ್ಯಸ್ಥರನ್ನಾಗಿ ಆರಿಸಿದರು. ಇದು ತನ್ನ ಇಷ್ಟಕ್ಕೆ ವಿರುದ್ಧವಾಗಿ ಬಂದ ಕೆಲಸ ಎಂದು ಅವರು ದೇಶಕ್ಕೆ ಹೇಳಿದರು. ಅದು ಬರೀ ವಿನಯದ ಮಾತಾಗಿರಲಿಲ್ಲ ಎಂದು ನನಗನ್ನಿಸುತ್ತದೆ. ಸತ್ತ ನಾಯಕ ಉತ್ತರದ ಮುಸ್ಲಿಂ, ಇವರು ದಕ್ಷಿಣದ ಕ್ರೈಸ್ತ. ಸೈನ್ಯದಲ್ಲಿ ಇವರದೇ ಎಂಬ ಗುಂಪಿರಲಿಲ್ಲ. ಉತ್ತರದವರಿಗೆ ಅನುಮಾನ ಬರಬಾರದೆಂದು ಕಟ್ಸಿನಾದ ದೊಡ್ಡ ಮನೆತನದ ಯುವ ಅಧಿಕಾರಿ ಶೆಹು ಮೂಸಾ ಯಾರಾಡುವಾ ಅವರನ್ನು ಬಡ್ತಿ ಕೊಟ್ಟು ಎರಡನೆಯ ಸ್ಥಾನಕ್ಕೆ ತಂದರು. ಸೈನ್ಯದ ಹಿಡಿತ ಥಿಯೋಫಿಲಸ್ ಡಂಜುಮಾ ಅವರ ಕೈಯಲ್ಲಿತ್ತು. ಅಂದರೆ ಒಬಸಾಂಜೊ ಒಬ್ಬರೇ ಆಳಲಿಲ್ಲ, ಮೂವರು ಸೇರಿ ಆಳಿದರು. ಈ ಇಬ್ಬರೂ ಮುಂದಿನ ಕಥೆಯಲ್ಲಿ ಮತ್ತೆ ಬರುತ್ತಾರೆ.

ಆ ಮೂರೂವರೆ ವರ್ಷದಲ್ಲಿ ಪೆಟ್ರೋಲಿಯಂ ಎಣ್ಣೆಯ ದುಡ್ಡು ಕೈತುಂಬ ಇತ್ತು. ‘ಆಪರೇಷನ್ ಫೀಡ್ ದ ನೇಷನ್’ ಎಂದು ಹಿತ್ತಲಲ್ಲೂ ಬೆಳೆ ಬೆಳೆಯಿರಿ ಎಂದರು. ಹೆಚ್ಚೇನೂ ಫಲ ಸಿಗಲಿಲ್ಲ. 1978ರಲ್ಲಿ ಎಲ್ಲ ಭೂಮಿಯ ಮೇಲಿನ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟ ಕಾನೂನು ತಂದರು, ಅದರ ಜಗಳ ಇನ್ನೂ ಮುಗಿದಿಲ್ಲ. 1979ರಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರಕ್ಕೆ ಎಣ್ಣೆ ಹೋಗುತ್ತಿದೆ ಎಂಬ ಕಾರಣಕ್ಕೆ ಬ್ರಿಟಿಷ್ ಪೆಟ್ರೋಲಿಯಂ ಕಂಪನಿಯ ಅಲ್ಲಿನ ಆಸ್ತಿಯನ್ನು ರಾಷ್ಟ್ರೀಕರಣ ಮಾಡಿದರು. ರೊಡೇಷಿಯಾ (ಈಗಿನ ಜಿಂಬಾಬ್ವೆ) ವಿಷಯದಲ್ಲಿ ಬ್ರಿಟನ್ನಿನ ಥ್ಯಾಚರ್ ಸರ್ಕಾರದ ಮೇಲೆ ಇದರಿಂದ ಒತ್ತಡ ಬಿತ್ತು.

ಇನ್ನೊಂದು ಮುಖವೂ ಇದೆ. 1977ರ ಫೆಬ್ರವರಿಯಲ್ಲಿ ಸೈನಿಕರು ಸಂಗೀತಗಾರ ಫೆಲಾ ಕುಟಿ ಅವರ ಮನೆಗೆ ನುಗ್ಗಿ ಬೆಂಕಿ ಹಚ್ಚಿದರು. ಫೆಲಾ ಅವರ ತಾಯಿ ಫುನ್ಮಿಲಾಯೊ, ಅಬೆಯೊಕುಟಾದಲ್ಲಿ ಹೆಂಗಸರನ್ನು ಕಟ್ಟಿಕೊಂಡು ಬ್ರಿಟಿಷರ ತೆರಿಗೆಯ ವಿರುದ್ಧ ಹೋರಾಡಿದ ಗಟ್ಟಿಗಿತ್ತಿ. ಆ ವಯಸ್ಸಾದ ಹೆಂಗಸನ್ನು ಕಿಟಕಿಯಿಂದ ಹೊರಗೆ ಎಸೆದರು. ಮರುವರ್ಷ ಅವರು ತೀರಿಕೊಂಡರು. ವಿಚಾರಣೆ ಮಾಡಿದ ಸಮಿತಿ, ಮಾಡಿದವನು ‘ಯಾರೋ ಗೊತ್ತಿಲ್ಲದ ಸೈನಿಕ’ ಎಂದು ಕೈತೊಳೆದುಕೊಂಡಿತು. ಒಬಸಾಂಜೊ ಅಧಿಕಾರ ಬಿಡುವ ಹೊತ್ತಿಗೆ ಫೆಲಾ ಒಂದು ಶವಪೆಟ್ಟಿಗೆ ಹೊತ್ತು ತಂದು, ಅವರಿದ್ದ ಡೋಡನ್ ಬ್ಯಾರಕ್ಸಿನ ಗೇಟಿನಲ್ಲಿ ಇಟ್ಟುಹೋದರು. ಕೊಟ್ಟ ಮಾತಿನಂತೆ ಅಧಿಕಾರ ಬಿಟ್ಟ ಜನರಲ್ ಎಂದು ಹೊಗಳುವವರು ಈ ಪೆಟ್ಟಿಗೆಯ ವಿಷಯ ಎತ್ತುವುದೇ ಇಲ್ಲ, ಎತ್ತಬೇಕು.

ಅಧಿಕಾರ ಬಿಟ್ಟಿದ್ದು ಮಾತ್ರ ಸತ್ಯ. ಹೇಳಿದ ದಿನವೇ, 1979ರ ಅಕ್ಟೋಬರ್ 1ರಂದು. ಆಗ ಅವರಿಗೆ ಬರೀ 42 ವರ್ಷ. ‘ಆಫ್ರಿಕಾದಲ್ಲೇ ಮೊದಲು’ ಎಂದು ಕೆಲವು ಕಡೆ ಬರೆದಿರುತ್ತಾರೆ, ಅದು ತಪ್ಪು. ಘಾನಾದಲ್ಲಿ 1969ರಲ್ಲೇ ಸೈನಿಕರು ಅಧಿಕಾರ ಬಿಟ್ಟಿದ್ದರು. ಇವರಿಗಿಂತ ಒಂದು ವಾರ ಮೊದಲು ಅದೇ ಘಾನಾದಲ್ಲಿ ರಾಲಿಂಗ್ಸ್ ಕೂಡ ಬಿಟ್ಟರು. ನೈಜೀರಿಯಾದಲ್ಲಿ ಮೊದಲು ಅನ್ನಿ, ಸರಿ.

ಆದರೆ ಯಾರಿಗೆ ಬಿಟ್ಟುಕೊಟ್ಟರು ಅನ್ನುವುದರಲ್ಲಿ ಒಂದು ಗಂಟು ಇದೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಹೊಸ ನಿಯಮದ ಪ್ರಕಾರ ಅಧ್ಯಕ್ಷನಾಗುವವನು ಎಲ್ಲರಿಗಿಂತ ಹೆಚ್ಚು ಮತ ಪಡೆದರೆ ಸಾಲದು. ಮೂರನೇ ಎರಡರಷ್ಟು ರಾಜ್ಯಗಳಲ್ಲಿ ತಲಾ ನಾಲ್ಕನೇ ಒಂದು ಮತವನ್ನಾದರೂ ಪಡೆಯಬೇಕು. ಒಂದೇ ಜನಾಂಗದ ಬಲದಿಂದ ಯಾರೂ ಗೆಲ್ಲಬಾರದು ಎಂಬುದು ಉದ್ದೇಶ. ಆಗ ಇದ್ದದ್ದು 19 ರಾಜ್ಯ. ಅದರ ಮೂರನೇ ಎರಡು ಅಂದರೆ ಹನ್ನೆರಡೂ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ. ಹಾಗಾದರೆ 13 ರಾಜ್ಯ ಬೇಕು ಎಂದೇ ಎಲ್ಲರೂ ಅಂದುಕೊಂಡಿದ್ದರು. ಉತ್ತರದ ಶೆಹು ಶಗಾರಿ ಸುಮಾರು 57 ಲಕ್ಷ ಮತ ಪಡೆದರು, ಯೊರುಬಾ ನಾಯಕ ಒಬಾಫೆಮಿ ಅವೊಲೊವೊ ಸುಮಾರು 49 ಲಕ್ಷ. ಆದರೆ ಶಗಾರಿಗೆ ನಾಲ್ಕನೇ ಒಂದರಷ್ಟು ಮತ ಸಿಕ್ಕಿದ್ದು 12 ರಾಜ್ಯದಲ್ಲಿ ಮಾತ್ರ. ಹದಿಮೂರನೆಯದಾದ ಕಾನೊದಲ್ಲಿ ಐದರಲ್ಲಿ ಒಂದು ಪಾಲಿನಷ್ಟೇ ಬಂದಿತ್ತು.

ಚುನಾವಣಾ ಆಯೋಗ ಏನು ಮಾಡಿತು ಗೊತ್ತಾ? ಕಾನೊದ ಎಲ್ಲ ಮತ ಲೆಕ್ಕಕ್ಕೆ ಬೇಡ, ಅದರ ಮೂರನೇ ಎರಡು ಪಾಲು ಸಾಕು, ಅದರಲ್ಲಿ ನಾಲ್ಕನೇ ಒಂದು ಬಂದರೆ ಆಯಿತು ಎಂದಿತು. ಆ ಲೆಕ್ಕದಲ್ಲಿ ಶಗಾರಿ ಗೆದ್ದರು. ಅವೊಲೊವೊ ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಮೂರ್ತಿ ಕಾಯೋಡೆ ಎಸೊ ಭಿನ್ನಮತ ಬರೆದರು, ಆದರೆ ಹೆಚ್ಚಿನವರು ಆಯೋಗದ ಲೆಕ್ಕ ಒಪ್ಪಿದರು. ಅತ್ಯುತ್ತಮ ಅಭ್ಯರ್ಥಿಯೇ ಗೆಲ್ಲಬೇಕೆಂದೇನೂ ಇಲ್ಲ ಎಂಬರ್ಥದ ಮಾತನ್ನು ಒಬಸಾಂಜೊ ಚುನಾವಣೆಗೂ ಮುಂಚೆಯೇ ಆಡಿದ್ದರು. ಯೊರುಬಾ ಜನ ಈ ಎರಡನ್ನೂ ಸೇರಿಸಿ ಓದಿದರು. ನಮ್ಮವನೇ ನಮ್ಮವನನ್ನು ಸೋಲಿಸಿದ ಎಂದರು. ಉತ್ತರದ ದೊಡ್ಡವರು ಇದೇ ಘಟನೆಯಿಂದ ಬೇರೆ ಪಾಠ ಕಲಿತರು. ಈ ಮನುಷ್ಯ ನಂಬಿಕೆಗೆ ಅರ್ಹ ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡರು. ಇಪ್ಪತ್ತು ವರ್ಷದ ಮೇಲೆ ಈ ಎರಡೂ ನೆನಪು ಒಟ್ಟಿಗೇ ಕೆಲಸ ಮಾಡಿದವು.

ಆಮೇಲೆ ಒಬಸಾಂಜೊ ಓಟಾ ಎಂಬಲ್ಲಿ ಕೋಳಿ, ಹಂದಿ ಸಾಕುತ್ತ ದೊಡ್ಡ ಫಾರ್ಮ್ ಮಾಡಿದರು. ಸುಮ್ನೆ ಕೂತವರಲ್ಲ. 1986ರಲ್ಲಿ ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಮಾಲ್ಕಮ್ ಫ್ರೇಸರ್ ಜತೆ ಕಾಮನ್‌ವೆಲ್ತ್ ತಂಡದ ಮುಖ್ಯಸ್ಥರಾಗಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ, ಪೋಲ್ಸ್‌ಮೂರ್ ಜೈಲಿನಲ್ಲಿದ್ದ ಮಂಡೇಲಾ ಅವರನ್ನು ಭೇಟಿಯಾದರು. 1991ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಸ್ಥಾನಕ್ಕೆ ಪ್ರಯತ್ನಿಸಿದರು, ಅದು ಈಜಿಪ್ಟಿನ ಬುಟ್ರೋಸ್ ಘಾಲಿ ಪಾಲಾಯಿತು. ಅಧಿಕಾರ ಬಿಟ್ಟ ಜನರಲ್ ಎಂಬುದೇ ಹೊರದೇಶಗಳಲ್ಲಿ ಅವರ ವಿಸಿಟಿಂಗ್ ಕಾರ್ಡ್.

ದೇಶದಲ್ಲಿ ಮಾತ್ರ ಶಗಾರಿ ಸರ್ಕಾರ 1983ರ ಕೊನೆಯ ದಿನ ಬಿತ್ತು. ಬುಹಾರಿ ಬಂದರು. 1985ರಲ್ಲಿ ಬಾಬಂಗಿಡಾ ಬಂದರು. 1993ರ ಜೂನ್ 12ರಂದು ಚುನಾವಣೆ ನಡೆಯಿತು. ಅದನ್ನು ಗೆದ್ದವರು ಅಬೆಯೊಕುಟಾದ ಆ ಹೈಸ್ಕೂಲಿನ ಅಬಿಯೊಲಾ. ಬಾಬಂಗಿಡಾ ಆ ಚುನಾವಣೆಯನ್ನೇ ರದ್ದು ಮಾಡಿದರು. ಆ ವರ್ಷದ ಕೊನೆಗೆ ಜನರಲ್ ಸಾನಿ ಅಬಾಚಾ ಅಧಿಕಾರ ಹಿಡಿದರು. ತಾನೇ ಅಧ್ಯಕ್ಷ ಎಂದ ಅಬಿಯೊಲಾ ಜೈಲು ಸೇರಿದರು.

1995ರ ಮಾರ್ಚಿನಲ್ಲಿ ಒಬಸಾಂಜೊ ಕೋಪನ್‌ಹೇಗನ್ನಿನ ಸಮ್ಮೇಳನದಲ್ಲಿದ್ದರು. ವಾಪಸು ಹೋಗಬೇಡಿ, ಹಿಡಿಯುತ್ತಾರೆ ಎಂಬ ಎಚ್ಚರಿಕೆ ಬಂತು. ಅಮೆರಿಕ ಆಶ್ರಯ ಕೊಡುತ್ತೇನೆ ಎಂದಿತು. ಆದರೂ ಊರಿಗೆ ಬಂದರು, ಸಿಕ್ಕಿಬಿದ್ದರು. ಅಬಾಚಾ ವಿರುದ್ಧ ಸಂಚು ಮಾಡಿದ ಆರೋಪ ಹೊರಿಸಿ ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ನಡೆಸಿದರು. ಕೊನೆಗೆ 15 ವರ್ಷದ ಶಿಕ್ಷೆ ಎಂದಾಯಿತು. 1995ರ ಇಂದಿರಾ ಗಾಂಧಿ ಶಾಂತಿ ಪ್ರಶಸ್ತಿ ಇವರದೇ, ನಮ್ಮ ದೇಶ ಗೌರವ ಕೊಟ್ಟ ವರ್ಷವೇ ಅವರ ದೇಶ ಸೆರೆಗೆ ತಳ್ಳಿತ್ತು. ಒಂದು ಕಾಲಕ್ಕೆ ಇವರ ಎರಡನೆಯವರಾಗಿದ್ದ ಶೆಹು ಯಾರಾಡುವಾ ಕೂಡ ಅದೇ ಪ್ರಕರಣದಲ್ಲಿ ಒಳಗಿದ್ದರು. 1997ರ ಡಿಸೆಂಬರಿನಲ್ಲಿ ಅವರು ಸೆರೆಯಲ್ಲೇ ಸತ್ತರು. ಒಬಸಾಂಜೊ ಯೋಲಾ ಜೈಲಿನಲ್ಲಿ ಬೈಬಲ್ ಹಿಡಿದು ಸಹಕೈದಿಗಳಿಗೆ ಬೋಧನೆ ಮಾಡುತ್ತಿದ್ದರು.

1998ರ ಜೂನ್ 8ರಂದು ಅಬಾಚಾ ಇದ್ದಕ್ಕಿದ್ದಂತೆ ತೀರಿಕೊಂಡರು. ಹೊಸ ಆಡಳಿತಗಾರ ಜನರಲ್ ಅಬ್ದುಲ್‌ಸಲಾಮಿ ಅಬೂಬಕರ್ ಒಬಸಾಂಜೊ ಅವರನ್ನು ಬಿಟ್ಟರು. ಜುಲೈ 7ರಂದು ಅಬಿಯೊಲಾ ಬಂಧನದಲ್ಲೇ ಸತ್ತರು. ಯೊರುಬಾ ನಾಡು ಕುದಿಯುತ್ತಿತ್ತು. ಸೈನ್ಯಕ್ಕೆ ಹೇಗಾದರೂ ಮಾಡಿ ಬ್ಯಾರಕ್ಕಿಗೆ ಮರಳಬೇಕಿತ್ತು, ಆದರೆ ಹೋದ ಮೇಲೆ ತಮ್ಮನ್ನು ಯಾರೂ ಬೇಟೆಯಾಡಬಾರದು.

ಈ ಲೆಕ್ಕಕ್ಕೆ ಯಾರು ಹೊಂದುತ್ತಾರೆ ನೋಡಿ. ಯೊರುಬಾ ಆಗಿರಬೇಕು, ಅಬಿಯೊಲಾಗೆ ಆದ ಅನ್ಯಾಯಕ್ಕೆ ಅದೇ ಸಮಾಧಾನ. ಉತ್ತರದ ಜನರಲ್‌ಗಳಿಗೆ ಭಯ ಹುಟ್ಟಿಸಬಾರದು. ಅಬಾಚಾ ಕೈಯಲ್ಲಿ ನೋವುಂಡಿರಬೇಕು. ಹೊರದೇಶಗಳಲ್ಲಿ ಹೆಸರಿರಬೇಕು. ಇಷ್ಟೂ ಇದ್ದವರು ಒಬಸಾಂಜೊ ಒಬ್ಬರೇ. ಬಾಬಂಗಿಡಾ, ಡಂಜುಮಾ ಬೆನ್ನಿಗೆ ನಿಂತರು. ಪೀಪಲ್ಸ್ ಡೆಮಾಕ್ರಟಿಕ್ ಪಕ್ಷದ ಟಿಕೆಟ್ಟಿಗೆ ಶಗಾರಿ ಕಾಲದ ಉಪಾಧ್ಯಕ್ಷ ಅಲೆಕ್ಸ್ ಎಕ್ವೆಮೆ ಪೈಪೋಟಿ ಕೊಟ್ಟರು. ಪಕ್ಷ ಕಟ್ಟಿದವರಲ್ಲಿ ಒಬ್ಬರು ಅವರು, ಆದರೂ ಸೋತರು. ಜೈಲಿನಿಂದ ಹೊರಬಂದು ಒಂದು ವರ್ಷವೂ ಆಗಿರಲಿಲ್ಲ, ಒಬಸಾಂಜೊ ಶೇ. 62ಕ್ಕಿಂತ ಹೆಚ್ಚು ಮತದಿಂದ ಅಧ್ಯಕ್ಷರಾದರು. ಎದುರಾಳಿ ಒಲು ಫಲಾಯೆ ಕೂಡ ಯೊರುಬಾ. ಎರಡೂ ಕಡೆ ಅಕ್ರಮ ಕಂಡುಬಂತು, ಫಲಿತಾಂಶದ ಬಗ್ಗೆ ಖಚಿತವಾಗಿ ಹೇಳಲಾಗದು ಎಂದು ಜಿಮ್ಮಿ ಕಾರ್ಟರ್ ಅವರ ವೀಕ್ಷಕರ ತಂಡ ಜಾರಿಕೊಂಡಿತು.

ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಯೊರುಬಾ ನಾಡನ್ನು ಸಮಾಧಾನ ಮಾಡಲು ತಂದ ಅಭ್ಯರ್ಥಿಗೆ ಯೊರುಬಾ ನಾಡೇ ಮತ ಹಾಕಲಿಲ್ಲ. ನೈಋತ್ಯದ ರಾಜ್ಯಗಳೆಲ್ಲ ಫಲಾಯೆ ಪಾಲಾದವು. ತಮ್ಮ ಊರಿನ ಮತಗಟ್ಟೆಯಲ್ಲೇ ಒಬಸಾಂಜೊ ಸೋತರು. 1979ರ ಬಾಕಿ ಅದು.

ಅಧಿಕಾರಕ್ಕೆ ಬಂದ ಮೊದಲ ಕೆಲಸ ನನ್ನ ಪ್ರಕಾರ ಅವರ ಇಡೀ ಬದುಕಿನ ದೊಡ್ಡ ಕೆಲಸ. ಎರಡೇ ವಾರದಲ್ಲಿ, ಹಿಂದಿನ ಸೈನಿಕ ಸರ್ಕಾರಗಳಲ್ಲಿ ರಾಜಕೀಯ ಹುದ್ದೆ ಹಿಡಿದಿದ್ದ 93 ಅಧಿಕಾರಿಗಳನ್ನು ನಿವೃತ್ತಿ ಮಾಡಿ ಮನೆಗೆ ಕಳಿಸಿದರು. ಸೈನ್ಯದಲ್ಲಿದ್ದುಕೊಂಡೇ ರಾಜ್ಯಪಾಲರೋ ಮಂತ್ರಿಗಳೋ ಆಗಿ ರುಚಿ ನೋಡಿದವರು ಇವರು, ಕ್ರಾಂತಿಯ ಯೋಚನೆ ಹುಟ್ಟುವುದೇ ಇಂಥವರ ನಡುವೆ. ಅವರಿಗೆ ತಯಾರಾಗಲು ಸಮಯವನ್ನೇ ಕೊಡಲಿಲ್ಲ. ಒಬ್ಬ ವಕೀಲನೋ ಮೇಷ್ಟ್ರೋ ಅಧ್ಯಕ್ಷನಾಗಿದ್ದರೆ ಈ ಧೈರ್ಯ ಬರುತ್ತಿತ್ತೇ ಎಂಬುದು ನನಗೆ ಅನುಮಾನ. ಯಾರು ಅಪಾಯ, ಯಾರು ಅಲ್ಲ ಅನ್ನುವುದು ಒಳಗಿನವನಿಗೇ ಗೊತ್ತಿರುತ್ತದೆ, ಅಲ್ವಾ? 1999ರ ನಂತರ ನೈಜೀರಿಯಾದಲ್ಲಿ ಒಂದೂ ಕ್ರಾಂತಿ ಗೆದ್ದಿಲ್ಲ.

2000ದ ಜನವರಿ 26ರಂದು ದೆಹಲಿಯ ಗಣರಾಜ್ಯೋತ್ಸವಕ್ಕೆ ಅವರೇ ಮುಖ್ಯ ಅತಿಥಿ. 2001ರಲ್ಲಿ ಮೊಬೈಲ್ ಲೈಸೆನ್ಸುಗಳನ್ನು ತಲಾ 28.5 ಕೋಟಿ ಡಾಲರಿಗೆ ಹರಾಜು ಹಾಕಿದರು. ಸುಮಾರು 12 ಕೋಟಿ ಜನರ ದೇಶದಲ್ಲಿ ಅಲ್ಲಿಯವರೆಗೆ ಇದ್ದದ್ದು ನಾಲ್ಕೈದು ಲಕ್ಷ ಫೋನು. ಹಣಕಾಸು ಮಂತ್ರಿ ಎನ್‌ಗೋಜಿ ಒಕೊಂಜೊ ಇವೇಲಾ 2005ರಲ್ಲಿ, ಸಾಲ ಕೊಟ್ಟ ದೇಶಗಳ ಕೂಟವಾದ ಪ್ಯಾರಿಸ್ ಕ್ಲಬ್ಬಿನ ಸುಮಾರು 3,000 ಕೋಟಿ ಡಾಲರ್ ಸಾಲದಲ್ಲಿ 1,800 ಕೋಟಿಯನ್ನು ಮನ್ನಾ ಮಾಡಿಸಿದರು, ಉಳಿದದ್ದನ್ನು ಎಣ್ಣೆಯ ದುಡ್ಡಿನಿಂದ ತೀರಿಸಿದರು. ಭ್ರಷ್ಟಾಚಾರದ ತನಿಖೆಗೆಂದೇ ಒಂದು ಸಂಸ್ಥೆ ಮಾಡಿದರು. ಅದು ದೇಶದ ಪೊಲೀಸ್ ಮುಖ್ಯಸ್ಥನನ್ನೇ ಕೋರ್ಟಿಗೆ ಎಳೆಯಿತು. ಅಧ್ಯಕ್ಷರ ವಿರೋಧಿಗಳ ಕಡೆಗೇ ಅದರ ಕಣ್ಣು ಜಾಸ್ತಿ ಎಂಬ ದೂರೂ ಇತ್ತು. ಕರೆಂಟಿನ ಗೋಳು ಹಾಗೇ ಉಳಿಯಿತು. ಬಕಾಸಿ ಎಂಬ ಎಣ್ಣೆ ಇರುವ ಜಾಗ ಕ್ಯಾಮರೂನಿಗೆ ಸೇರಬೇಕು ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2002ರಲ್ಲಿ ತೀರ್ಪು ಕೊಟ್ಟಾಗ, ಗೊಣಗುತ್ತಲೇ ಆದರೂ 2006ರಲ್ಲಿ ಸೈನ್ಯವನ್ನು ವಾಪಸು ಕರೆಸಿದರು. ಜನರಲ್ ಆಗಿದ್ದವರು ಯುದ್ಧವಿಲ್ಲದೆ ನೆಲ ಬಿಟ್ಟುಕೊಟ್ಟ ಉದಾಹರಣೆ ಎಷ್ಟಿವೆ ಹೇಳಿ?

ಆದರೆ 1999ರ ನವೆಂಬರಿನಲ್ಲಿ, ಅಧಿಕಾರ ವಹಿಸಿಕೊಂಡ ಆರೇ ತಿಂಗಳಲ್ಲಿ, ಎಣ್ಣೆ ನಾಡಿನ ಒಡಿ ಎಂಬ ಊರಿಗೆ ಸೈನ್ಯ ಕಳಿಸಿದರು. ಅಲ್ಲೊಂದು ಗುಂಪು 12 ಪೊಲೀಸರನ್ನು ಕೊಂದಿತ್ತು. ಸೈನಿಕರು ಊರನ್ನೇ ನೆಲಸಮ ಮಾಡಿದರು. ಚರ್ಚು, ಬ್ಯಾಂಕು, ಆಸ್ಪತ್ರೆಯಂಥ ನಾಲ್ಕಾರು ಕಟ್ಟಡ ಬಿಟ್ಟರೆ ಏನೂ ಉಳಿಯಲಿಲ್ಲ. ಎಷ್ಟು ಜನ ಸತ್ತರು ಎಂಬುದರ ಬಗ್ಗೆ ಇವತ್ತಿಗೂ ಜಗಳವಿದೆ. 2013ರಲ್ಲಿ ಕೋರ್ಟು ಊರಿನವರಿಗೆ 3,760 ಕೋಟಿ ನೈರಾ ಪರಿಹಾರ ಕೊಡಲು ಹೇಳಿತು. 2001ರಲ್ಲಿ ಜಾಕಿ ಬಿಯಾಮ್ ಸುತ್ತಲಿನ ಊರುಗಳಲ್ಲಿ ಇದೇ ಕಥೆ ಮರುಕಳಿಸಿತು, 19 ಸೈನಿಕರ ಕೊಲೆಗೆ ಪ್ರತಿಯಾಗಿ ನೂರಾರು ಹಳ್ಳಿಗರು ಸತ್ತರು. ‘ಮಫ್ತಿಯಲ್ಲಿದ್ದ ಜನರಲ್’ ಎಂಬ ನಿಮ್ಮ ಮಾತು ಇಲ್ಲಿ ಸರಿಯಾಗಿ ಹೊಂದುತ್ತದೆ.

ಎರಡನೇ ಅವಧಿಯ ಕೊನೆಗೆ ಹಳೆಯ ಗುಣ ಪೂರ್ತಿ ಹೊರಬಂತು. ಸಂವಿಧಾನದಲ್ಲಿ ಎರಡೇ ಅವಧಿಗೆ ಅವಕಾಶ. ಮೂರನೆಯದಕ್ಕೆ ದಾರಿ ಮಾಡುವ ತಿದ್ದುಪಡಿ ಸಂಸತ್ತಿಗೆ ಬಂತು. ನಾನು ಕೇಳಲೇ ಇಲ್ಲ ಎಂದು ಒಬಸಾಂಜೊ ಇವತ್ತಿಗೂ ಹೇಳುತ್ತಾರೆ. ನಂಬುವವರು ಕಡಿಮೆ, ನಾನೂ ಆ ಕಡಿಮೆಯವರಲ್ಲಿಲ್ಲ. 2006ರ ಮೇ 16ರಂದು ಸೆನೆಟ್ ಅದನ್ನು ಧ್ವನಿಮತದಲ್ಲೇ ಹೊಡೆದುಹಾಕಿತು. ಸಭಾಧ್ಯಕ್ಷ ಕೆನ್ ನಮಾನಿ, ಒಬಸಾಂಜೊ ಅವರದೇ ಪಕ್ಷದವರು. ಇಲ್ಲಿ ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ಸೋತ ಮೇಲೆ ಟ್ಯಾಂಕು ಕಳಿಸಲಿಲ್ಲ. ಸುಮ್ಮನಾದರು.

ಸುಮ್ಮನಾದವರು ಉತ್ತರಾಧಿಕಾರಿಯನ್ನು ಮಾತ್ರ ತಾವೇ ಆರಿಸಿದರು. ಕಟ್ಸಿನಾ ರಾಜ್ಯ ಸರ್ಕಾರದ ಮುಖ್ಯಸ್ಥರಾಗಿದ್ದ ಉಮರು ಯಾರಾಡುವಾ, ಸೆರೆಯಲ್ಲಿ ಸತ್ತ ಶೆಹು ಅವರ ತಮ್ಮ. ಆರೋಗ್ಯ ಸರಿಯಿಲ್ಲದವರು ಎಂದು ಎಲ್ಲರಿಗೂ ಗೊತ್ತಿತ್ತು. ಈ ಚುನಾವಣೆ ಮಾಡು ಇಲ್ಲವೇ ಮಡಿ ಎಂದು ಒಬಸಾಂಜೊ ಬಹಿರಂಗವಾಗಿಯೇ ಹೇಳಿದರು. ತಮ್ಮ ಉಪಾಧ್ಯಕ್ಷ ಅತಿಕು ಅಬೂಬಕರ್ ಜತೆ ಮಾತು ಬಿಟ್ಟಾಗಿತ್ತು, ಅವರನ್ನು ಕಣದಿಂದಲೇ ಹೊರಗಿಟ್ಟಿದ್ದರು. ಮತದಾನಕ್ಕೆ ಐದು ದಿನ ಇರುವಾಗ ಸುಪ್ರೀಂ ಕೋರ್ಟು ಅತಿಕು ಹೆಸರನ್ನು ವಾಪಸು ಸೇರಿಸಿತು. ಕೋಟಿಗಟ್ಟಲೆ ಮತಪತ್ರಗಳನ್ನು ಆತುರಾತುರವಾಗಿ ದಕ್ಷಿಣ ಆಫ್ರಿಕಾದಲ್ಲಿ ಅಚ್ಚು ಹಾಕಿಸಿ ತಂದರು. ಅವುಗಳ ಮೇಲೆ ಕ್ರಮಸಂಖ್ಯೆಯೇ ಇರಲಿಲ್ಲ. ಆಮೇಲೆ ಏನಾಯಿತೆಂದು ಊಹಿಸಬಹುದು. ಯುರೋಪಿನ ವೀಕ್ಷಕರು ಅದನ್ನು ಚುನಾವಣೆ ಎಂದು ಒಪ್ಪಲೇ ಹಿಂಜರಿದರು. ಗೆದ್ದ ಯಾರಾಡುವಾ ಅವರೇ ಪ್ರಮಾಣವಚನದ ಭಾಷಣದಲ್ಲಿ ಚುನಾವಣೆಯಲ್ಲಿ ಕೊರತೆಗಳಿದ್ದವು ಎಂದು ಒಪ್ಪಿಕೊಂಡರು. 2010ರಲ್ಲಿ ಅವರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು.

ಹಾಗಿದ್ದರೂ 2007ರ ಮೇ 29 ನೈಜೀರಿಯಾದಲ್ಲಿ ಒಬ್ಬ ಚುನಾಯಿತ ಅಧ್ಯಕ್ಷ ಇನ್ನೊಬ್ಬನಿಗೆ ಅಧಿಕಾರ ಕೊಟ್ಟ ಮೊದಲ ದಿನ. ಕೊಟ್ಟ ರೀತಿ ಕೆಟ್ಟದು, ಕೊಟ್ಟಿದ್ದು ನಿಜ. ಎರಡನ್ನೂ ಒಟ್ಟಿಗೆ ಹಿಡಿದು ನೋಡಬೇಕಾಗುತ್ತದೆ.

ಅಲ್ಲಿಂದಾಚೆ ಅವರು ಪತ್ರ ಬರೆಯುವ ಮಾಜಿ ಅಧ್ಯಕ್ಷ. 2013ರಲ್ಲಿ ಆಗಿನ ಅಧ್ಯಕ್ಷ ಗುಡ್‌ಲಕ್ ಜೊನಾಥನ್ ಅವರಿಗೆ 18 ಪುಟದ ತರಾಟೆ. 2015ರಲ್ಲಿ ಪಕ್ಷದ ಸದಸ್ಯತ್ವದ ಕಾರ್ಡನ್ನು ಅಬೆಯೊಕುಟಾದಲ್ಲಿ ಎಲ್ಲರೆದುರು ವಾರ್ಡಿನ ಮುಖಂಡನ ಕೈಯಿಂದಲೇ ಹರಿಸಿ ಹಾಕಿದರು. ಆ ವರ್ಷ ಬುಹಾರಿ ಗೆಲ್ಲಲು ಒತ್ತಾಸೆಯಾದರು. 2018ರಲ್ಲಿ ಅದೇ ಬುಹಾರಿಗೆ, ಮತ್ತೆ ಸ್ಪರ್ಧಿಸಬೇಡಿ, ವಿಶ್ರಾಂತಿ ಪಡೆಯಿರಿ ಎಂದು ಬರೆದರು. 2023ರಲ್ಲಿ ಪೀಟರ್ ಒಬಿ ಪರ ಬರೆದರು, ಒಬಿ ಸೋತರು. ಪ್ರತಿಸಲವೂ ಮುಂದಿನವನು ಯಾರಾಗಬೇಕು ಎಂಬುದರಲ್ಲಿ ಅವರಿಗೊಂದು ಅಭಿಪ್ರಾಯ ಇದ್ದೇ ಇರುತ್ತದೆ. ನಡುವೆ 2022ರಲ್ಲಿ ಇಥಿಯೋಪಿಯಾ ಸರ್ಕಾರ ಮತ್ತು ಟಿಗ್ರೆ ಹೋರಾಟಗಾರರ ನಡುವಿನ ಪ್ರಿಟೋರಿಯಾ ಒಪ್ಪಂದಕ್ಕೆ ಆಫ್ರಿಕನ್ ಒಕ್ಕೂಟದ ಪರವಾಗಿ ದುಡಿದರು. ಆಗ ವಯಸ್ಸು 85.

ಬೇರೆಯವರೂ ಹೀಗೆ ಮಾಡಿದ್ದಾರೆಯೇ ಎಂದಿರಿ. ಮಾಡಿದ್ದಾರೆ. ಮಾಲಿಯ ಜನರಲ್ ಅಮಾದು ತುಮಾನಿ ತುರೆ 1991ರಲ್ಲಿ ಸರ್ವಾಧಿಕಾರಿಯನ್ನು ಇಳಿಸಿ, ಮರುವರ್ಷವೇ ಚುನಾಯಿತರಿಗೆ ಅಧಿಕಾರ ಬಿಟ್ಟು, 2002ರಲ್ಲಿ ಮತ ಪಡೆದು ವಾಪಸಾದರು. 2012ರಲ್ಲಿ ಕಿರಿಯ ಅಧಿಕಾರಿಗಳು ಅವರನ್ನೇ ಇಳಿಸಿದರು. ಬೆನಿನ್‌ನ ಮಾಥ್ಯೂ ಕೆರೆಕು 1991ರಲ್ಲಿ ಚುನಾವಣೆ ಸೋತು ಫಲಿತಾಂಶ ಒಪ್ಪಿ ಮನೆಗೆ ಹೋದರು, 1996ರಲ್ಲಿ ಗೆದ್ದು ಬಂದರು. ನನಗೆ ಕೇಳಿದರೆ ಮೂವರಲ್ಲಿ ಕೆರೆಕು ಅವರ ನಡೆಯೇ ಹೆಚ್ಚು ಕಷ್ಟದ್ದು. ಉಳಿದ ಇಬ್ಬರೂ ಸ್ಪರ್ಧಿಸದೆ ಬಿಟ್ಟುಕೊಟ್ಟವರು, ಅವರು ಸೋತು ಬಿಟ್ಟವರು. ಈಗ ಮಾಲಿ, ಬುರ್ಕಿನಾ ಫಾಸೊ, ನೈಜರ್ ದೇಶಗಳಲ್ಲಿ ಅಧಿಕಾರ ಹಿಡಿದಿರುವ ಸೈನಿಕರು ಚುನಾವಣೆಯ ಗಡುವನ್ನು ಮುಂದಕ್ಕೆ ಹಾಕುತ್ತಲೇ ಇದ್ದಾರೆ. ಗೊವೊನ್ 1974ರಲ್ಲಿ ಮಾಡಿದ್ದೂ ಅದನ್ನೇ.